ಮೊಟ್ಟೆಯ ಹಳದಿಯಿಂದ ಹುಳುವಿನ ಪತ್ತೆ

ಪಲ್ಲಡಂ ಸುತ್ತಿನ ನಮ್ಮ ಅನೇಕ ಕುಟುಂಬಗಳಿಗೆ ಕೋಳಿ ಸಾಕಣೆಯೇ ಆಧಾರ. ಕೋಳಿಯಿಂದ ಮಾಂಸ, ಮೊಟ್ಟೆ, ಗೊಬ್ಬರ ದೊರೆಯುವುದನ್ನು ನಾವು ಬಲ್ಲೆವು. ಅದೇ ಮೊಟ್ಟೆ ಮನುಷ್ಯರ ದೇಹದಲ್ಲಿರುವ ಹುಳುಗಳ ಪತ್ತೆಗೂ ನೆರವಾಗಬಲ್ಲದು.

ತಾಯಿಕೋಳಿ ತನ್ನ ರೋಗನಿರೋಧಕ ಶಕ್ತಿಯನ್ನು ಹಳದಿಯ ಮೂಲಕ ಮರಿಗೆ ಕೊಡುತ್ತದೆ. ಜರ್ಮನಿಯ ಕ್ಲೆಂಪೆರರ್ 1893ರಲ್ಲಿ ಇದನ್ನು ತೋರಿಸಿದರು. ಹುಳುವಿನ ಪ್ರೋಟೀನನ್ನು ಮೊಟ್ಟೆಕೋಳಿಗೆ ಚುಚ್ಚಿದರೆ, ಕೆಲವು ವಾರಗಳಲ್ಲಿ ಅದನ್ನು ಗುರುತಿಸುವ ಪ್ರತಿಕಾಯಗಳು ಹಳದಿಯಲ್ಲಿ ಸೇರುತ್ತವೆ. ಕೋಳಿಯ ರಕ್ತ ತೆಗೆಯಬೇಕಿಲ್ಲ. ಮೊಟ್ಟೆ ಒಡೆದರೆ ಸಾಕು. ಒಂದು ಹಳದಿಯಲ್ಲಿ ಎಲ್ಲ ಬಗೆಯ ಪ್ರತಿಕಾಯ ಸೇರಿ ಸುಮಾರು 50ರಿಂದ 100 ಮಿಲಿಗ್ರಾಂ ಇರುತ್ತದೆ. ಅವನ್ನು ಬೇರ್ಪಡಿಸಿ ಪರೀಕ್ಷಾ ತಟ್ಟೆಗೆ ಲೇಪಿಸುತ್ತಾರೆ. ರೋಗಿಯ ಮಲ ಅಥವಾ ರಕ್ತದಲ್ಲಿ ಹುಳುವಿನ ಅಂಶವಿದ್ದರೆ ಅವು ಹಿಡಿದುಕೊಳ್ಳುತ್ತವೆ.

ಇದರ ಪ್ರಯೋಜನವೇನು? ಹುಳು ಕಡಿಮೆಯಿದ್ದರೆ ಮಲ ಪರೀಕ್ಷೆಯಲ್ಲಿ ತತ್ತಿ ಕಣ್ಣಿಗೆ ಬೀಳದೆ ಹೋಗಬಹುದು. ರೋಗಿಯ ರಕ್ತದಲ್ಲಿ ಅವನದೇ ಪ್ರತಿಕಾಯ ಹುಡುಕಿದರೆ, ಹುಳು ಸತ್ತ ಮೇಲೂ ಅವು ಉಳಿದಿರಬಹುದು. ಹುಳುವಿನ ಅಂಶವನ್ನೇ ಹಿಡಿಯುವ ಪರೀಕ್ಷೆ ಈ ಕೊರತೆಯನ್ನು ತುಂಬಬಲ್ಲದು.

ಆದರೆ ಈ ಕೆಲಸ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ. ಮೊಟ್ಟೆ ತಿಂದರೆ ಹುಳು ಸಾಯುವುದಿಲ್ಲ. ಮಗು ಬಿಳಿಚಿಕೊಂಡರೆ, ಹೊಟ್ಟೆನೋವೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯೋಣ. ಲಾಡಿಹುಳುವಿನ ಮರಿ ಮೆದುಳು ಸೇರಿದರೆ ಫಿಟ್ಸ್ ಬರಬಹುದು. ಫಿಟ್ಸ್ ಬಂದವರಿಗೆ ವೈದ್ಯರನ್ನು ಕೇಳದೆ ಹುಳುವಿನ ಮಾತ್ರೆ ಕೊಡುವುದು ಅಪಾಯ. ಶೌಚಾಲಯ ಬಳಸೋಣ, ತೋಟಕ್ಕೆ ಚಪ್ಪಲಿ ಹಾಕೋಣ, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯೋಣ. ದೇವರು ಕೊಟ್ಟ ದೇಹವನ್ನು ಕಾಪಾಡುವುದೂ ನಮ್ಮ ಕರ್ತವ್ಯವೇ.