ಅವಧಾನದ ಸಂಚಾರ

ಮನಸ್ಸನ್ನು ಒಂದು ವಿಷಯದಲ್ಲಿ ನಿಲ್ಲಿಸುವುದಕ್ಕೆ ಅವಧಾನವೆಂದು ಹೆಸರು. ಮಕ್ಕಳಲ್ಲಿ ಅದು ನಿಲ್ಲುವುದಿಲ್ಲವೆಂದು ತಂದೆತಾಯಿಗಳೂ ಉಪಾಧ್ಯಾಯರೂ ಆಗಾಗ ಹೇಳುವುದುಂಟು. ಆದರೆ ಅವಧಾನವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ಗಣಿತದಲ್ಲಿ ನಿರೂಪಿಸಿ, ಗಣಕಯಂತ್ರದಲ್ಲಿ ನಡೆಸಿ ನೋಡಿದ ವಿಜ್ಞಾನಿಗಳೂ ಇದ್ದಾರೆ.

ನಮ್ಮ ಕಣ್ಣು ನೋಟದ ನಟ್ಟನಡುವಿನ ಅಲ್ಪಭಾಗವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲುದು. ಆದುದರಿಂದ ಅದು ಸೆಕೆಂಡಿಗೆ ಸುಮಾರು 3 ಸಲ ಸ್ಥಾನ ಬದಲಿಸುತ್ತದೆ. ಸಾಮಾನ್ಯವಾಗಿ ಅವಧಾನವು ಮುಂದೆ ಹೋಗುತ್ತದೆ, ಕಣ್ಣು ಅದನ್ನು ಹಿಂಬಾಲಿಸುತ್ತದೆ. ಮುಂದಿನ ಸ್ಥಾನವನ್ನು ಮಿದುಳು ನಿಶ್ಚಯಿಸುವುದು ಹೇಗೆ? ಇದಕ್ಕೆ 1985ರಲ್ಲಿ ಕ್ರಿಸ್ಟಾಫ್ ಕಾಖ್ ಮತ್ತು ಶಿಮೋನ್ ಉಲ್ಮನ್ ಎಂಬ ವಿದ್ವಾಂಸರು ಒಂದು ಉತ್ತರವನ್ನು ಸೂಚಿಸಿದರು. 1998ರಲ್ಲಿ ಲಾರೆಂಟ್ ಇಟ್ಟಿ, ಕಾಖ್, ಅರ್ನ್ಸ್ಟ್ ನೀಬರ್ ಎಂಬವರು ಅದೇ ತತ್ತ್ವದ ಮೇಲೆ ಗಣಕಯಂತ್ರದ ಮಾದರಿಯೊಂದನ್ನು ರಚಿಸಿ ಪ್ರಕಟಿಸಿದರು.

ನೆಟ್ಟಗೆ ನಿಂತ ಹಸುರು ಪೈರಿನ ನಡುವೆ ಒಂದೇ ಒಂದು ಕೆಂಪು ಹೂವೂ ತುಸು ದೂರದಲ್ಲಿ ಓರೆಯಾಗಿ ಬಾಗಿದ ಒಂದು ತೆನೆಯೂ ಇರುವ ಚಿತ್ರವನ್ನು ಊಹಿಸಿಕೊಳ್ಳೋಣ. ಬಣ್ಣ, ಬೆಳಕು, ಗೆರೆಗಳ ದಿಕ್ಕು ಎಂಬ ಮೂರು ಗುಣಗಳಲ್ಲಿ ಪ್ರತಿಯೊಂದು ಸ್ಥಳವು ತನ್ನ ಸುತ್ತಲಿನಿಂದ ಎಷ್ಟು ಭಿನ್ನವಾಗಿದೆಯೆಂಬುದನ್ನು ಮಾದರಿಯು ಲೆಕ್ಕ ಹಾಕುತ್ತದೆ. ಮೂರನ್ನೂ ಕೂಡಿಸಿ ಒಂದು ನಕ್ಷೆಯನ್ನು ಮಾಡುತ್ತದೆ. ಅಲ್ಲಿ ಅತ್ಯಧಿಕ ಅಂಕ ಪಡೆದ ಹೂವಿಗೆ ಅವಧಾನವು ಮೊದಲು ಹೋಗುತ್ತದೆ. ಅಲ್ಲಿಯೇ ನಿಂತುಬಿಟ್ಟರೆ ಉಳಿದುದನ್ನು ಕಾಣುವುದೆಂತು? ಅದಕ್ಕಾಗಿ ನೋಡಿ ಮುಗಿಸಿದ ಸ್ಥಳದ ಅಂಕವನ್ನು ತುಸು ಹೊತ್ತು ತಗ್ಗಿಸಲಾಗುತ್ತದೆ. ಆಗ ಬಾಗಿದ ತೆನೆಯ ಸರದಿ ಬರುತ್ತದೆ. ಆಗತಾನೇ ಗಮನಿಸಿ ಬಿಟ್ಟ ಸ್ಥಳಕ್ಕೆ ಮನುಷ್ಯನ ಅವಧಾನವೂ ತಡವಾಗಿ ಮರಳುತ್ತದೆಂಬುದನ್ನು ಪೋಸ್ನರ್ ಮತ್ತು ಕೋಹೆನ್ 1984ರಲ್ಲಿಯೇ ತೋರಿಸಿದ್ದರು.

ಆದರೆ ಈ ಮಾದರಿಯು ಚಿತ್ರದ ಆಕರ್ಷಣೆಯನ್ನು ಬಲ್ಲುದೇ ಹೊರತು ನೋಡುವವನ ಉದ್ದೇಶವನ್ನು ಅರಿಯದು. ಉದ್ದೇಶದ ಬಲವನ್ನು ರಷ್ಯದ ಆಲ್ಫ್ರೆಡ್ ಯಾರ್ಬಸ್ ಎಂಬವರು ಬಹಳ ಹಿಂದೆಯೇ ಪರೀಕ್ಷಿಸಿದ್ದರು. ಅವರ ಗ್ರಂಥವು 1967ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಅವರು ಚಿತ್ರಕಾರ ರೇಪಿನನ ಒಂದೇ ಚಿತ್ರವನ್ನು ತೋರಿಸಿ ಬೇರೆ ಬೇರೆ ಕೆಲಸಗಳನ್ನು ಕೊಟ್ಟರು. ಚಿತ್ರದಲ್ಲಿರುವವರ ವಯಸ್ಸನ್ನು ಕೇಳಿದಾಗ ದೃಷ್ಟಿಯು ಮುಖಗಳ ಮೇಲೆ ಸುಳಿಯಿತು. ಉಡುಪುಗಳನ್ನು ನೆನಪಿಡಬೇಕೆಂದಾಗ ಉಡುಪುಗಳ ಮೇಲೆ ಹರಿಯಿತು. ಚಿತ್ರ ಬದಲಾಗಲಿಲ್ಲ; ಪ್ರಶ್ನೆ ಬದಲಾದಂತೆ ಕಣ್ಣಿನ ದಾರಿ ಬದಲಾಯಿತು.

ಅವಧಾನವು ಸಂಚರಿಸುವುದು ದೋಷವಲ್ಲ, ಅದರ ಸ್ವಭಾವವೇ ಅದು. ಅದಕ್ಕೆ ದಾರಿ ತೋರಿಸುವುದು ನಮ್ಮ ಕೆಲಸ. ವಿದ್ಯಾರ್ಥಿಗಳೇ, ಓದಲು ಕುಳಿತಾಗ ಮಿನುಗುವ ಮೊಬೈಲನ್ನು ಕಣ್ಣಿಗೆ ಬೀಳದಂತೆ ದೂರವಿಡಿರಿ. ಪುಸ್ತಕವನ್ನು ತೆರೆಯುವ ಮೊದಲು ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿರಿ. ತಂದೆತಾಯಿಗಳು "ಮನಸ್ಸಿಟ್ಟು ಓದು" ಎಂದು ಗದರುವುದಕ್ಕಿಂತ "ಈ ಪಾಠದಲ್ಲಿ ಇದಕ್ಕೆ ಉತ್ತರವನ್ನು ಹುಡುಕು" ಎನ್ನುವುದು ಲೇಸೆಂದು ನಮ್ಮ ಅಭಿಪ್ರಾಯ.