ದನದ ಡಾಕ್ಟರ ಮನಸ್ಸಿಗೂ ಆರೈಕೆ ಬೇಕು

ಸಂತಪುರ, ಔರಾದ, ಭಾಲ್ಕಿ ಕಡೆ ದೇವಣಿ ಆಕಳು ಅಂದ್ರೆ ಮನೆಗೆ ಹಾಲು, ಹೊಲಕ್ಕೆ ಗೊಬ್ಬರ, ನಾಳಿನ ಎತ್ತು. ಅದಕ್ಕೆ ಏನಾದ್ರೂ ಆದ್ರೆ ಮೊದಲು ನೆನಪಾಗೋದು ದನದ ಡಾಕ್ಟರ್. ಬರೋದು ತಡವಾದ್ರೆ ಬೈಯೋದೂ ಅವರನ್ನೇ.

ನಾನೂ ಬೈದಿದ್ದೇನೆ. ನಮ್ಮ ಆಕಳು ಮಧ್ಯಾಹ್ನದಿಂದ ತಿಣುಕುತ್ತಿತ್ತು. ತಾನೇ ಕರು ಹಾಕುತ್ತೆ ಅಂತ ಕಾದು, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ. ಡಾಕ್ಟರ್ ಬಂದು ಎರಡು ತಾಸು ಕಷ್ಟಪಟ್ಟರು. ಆಕಳು ಉಳೀತು, ಕರು ಉಳೀಲಿಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದಂಗೆ ಮಾತಾಡಿದೆ. ಅವರು ಸುಮ್ಮನೆ ಕೈ ತೊಳೆದು ಹೋದರು. ತಡ ಮಾಡಿದ್ದು ನಾನು ಅಂತ ಬೆಳಿಗ್ಗೆ ಹೊತ್ತಿಗೆ ತಿಳೀತು.

ಈ ಕೆಲಸ ಯಾಕೆ ಭಾರ?

ಸುಮಾರು 5,000 ಜಾನುವಾರಿಗೆ ಒಬ್ಬ ಪಶುವೈದ್ಯ ಇರಬೇಕು ಅಂತ ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಹುದ್ದೆ ಖಾಲಿ ಇರುವ ಕಡೆ ಒಬ್ಬರೇ ಎರಡು ಮೂರು ದವಾಖಾನೆ ನೋಡ್ತಾರೆ. ರಾತ್ರಿ ಕರೆ, ನಿದ್ದೆಗೇಡು, ಒದೆ ತಿನ್ನುವ ಭಯ, ಕಂದು ಹಾಕಿದ ಆಕಳಿನಿಂದ ಬ್ರುಸೆಲ್ಲಾ ಸೋಂಕು ತಗಲುವ ಅಪಾಯ ಬೇರೆ. 2022ರ ಚರ್ಮಗಂಟು ರೋಗದಂಥ ಕಾಲದಲ್ಲಿ ದಿನವೂ ಸಾವು ನೋಡಬೇಕು, ಮಾಲೀಕರ ಅಳುವನ್ನೂ ಕೇಳಬೇಕು.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಪಶುವೈದ್ಯರ ಸಾವುಗಳನ್ನು ಪರಿಶೀಲಿಸಿದಾಗ, ಅದರಲ್ಲಿ ಆತ್ಮಹತ್ಯೆಯ ಪಾಲು ಸಾಮಾನ್ಯ ಜನರಿಗಿಂತ ಪುರುಷರಲ್ಲಿ ಸುಮಾರು 2 ಪಟ್ಟು, ಮಹಿಳೆಯರಲ್ಲಿ 3.5 ಪಟ್ಟು ಹೆಚ್ಚಿತ್ತು.

ನಾವು ಏನು ಮಾಡಬಹುದು?

1. ಬೇಗ ಕರೆ ಮಾಡಿ. ನೀರಿನ ಚೀಲ ಒಡೆದು, ಆಕಳು ಒಂದು ತಾಸು ಜೋರಾಗಿ ತಿಣುಕಿದ್ರೂ ಕರು ಮುಂದೆ ಬರದಿದ್ರೆ ಕಾಯಬೇಡಿ. ಕರುವನ್ನು ನೀವೇ ಎಳೆಯಬೇಡಿ.
2. ಸ್ಥಳೀಯ ಡಾಕ್ಟರ್ ಬೇರೆ ಕಡೆ ಇದ್ರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಿ.
3. ಡಾಕ್ಟರ್ ಬರೋದ್ರೊಳಗೆ ಆಕಳನ್ನು ಗಟ್ಟಿಯಾಗಿ ಕಟ್ಟಿ. ಬೆಳಕು, ಬಿಸಿನೀರು, ಸಾಬೂನು, ಹಗ್ಗ, ಕೈ ಹಿಡಿಯಲು ಇಬ್ಬರು ಸಿದ್ಧ ಇರಲಿ.
4. ಹಿಂದೆ ಕಂದು ಹಾಕಿದ್ರೆ ಮುಚ್ಚಿಡದೆ ಮೊದಲೇ ಹೇಳಿ.
5. ಪ್ರಾಣಿ ಸತ್ತಾಗ ವಿಡಿಯೋ ಮಾಡಿ ಗ್ರೂಪಿಗೆ ಹಾಕಬೇಡಿ. ಅನುಮಾನ ಇದ್ರೆ ಮರುದಿನ ಕೂತು ಕೇಳಿ.
6. ಕೆಲಸ ಮುಗಿದ ಮೇಲೆ ಒಂದು ಕಪ್ ಚಹಾ ಕೊಡಿ. "ಊಟ ಆಯ್ತಾ ಸಾಹೇಬ್ರೆ?" ಅಂತ ಕೇಳಿ.

ಡಾಕ್ಟರ್ ಆಗಿರುವ, ಆಗಲಿರುವ ಗೆಳೆಯರಿಗೆ

ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಿಮ್ಮೂರಿನ ಹುಡುಗ, ಹುಡುಗಿ ಓದ್ತಿದ್ರೆ ಇದನ್ನು ಕಳಿಸಿ. ಪಕ್ಕದ ದವಾಖಾನೆಯ ಡಾಕ್ಟರ ಜೊತೆ ರಾತ್ರಿ ಕರೆಗಳನ್ನು ಹಂಚಿಕೊಳ್ಳಿ. ವಾರಕ್ಕೊಂದು ಹೊತ್ತಾದ್ರೂ ಫೋನ್ ದೂರ ಇಡಿ. ಕಷ್ಟದ ಕೇಸನ್ನು ಒಬ್ಬ ಸಹೋದ್ಯೋಗಿಗೆ ಹೇಳಿಕೊಳ್ಳಿ. ಎರಡು ವಾರ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ ಹೋದ್ರೆ ಅದು ಸೋಮಾರಿತನ ಅಲ್ಲ, ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಬದುಕು ಬೇಡ ಅನ್ನಿಸಿದ್ರೆ ಎರಡು ವಾರ ಕಾಯಬೇಡಿ. ಆ ಹೊತ್ತಿಗೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, 24 ತಾಸೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ರೈತರಿಗೂ ಅದೇ ನಂಬರ್.

ಮುಂದಿನ ಸಲ ಆ ಡಾಕ್ಟರ್ ನಮ್ಮ ಓಣಿಗೆ ಬಂದಾಗ ನಾನು ತಪ್ಪು ಒಪ್ಪಿಕೊಂಡೆ. ಅವರು ನಕ್ಕು, "ಈ ಸಲ ಬೇಗ ಫೋನ್ ಮಾಡ್ರಿ" ಅಂದರು. ಹಂಗೇ ಮಾಡಿದೆ. ಈಗ ಹಟ್ಟಿಯಲ್ಲಿ ಒಂದು ಹೆಣ್ಣು ಕರು ಕುಣೀತಾ ಇದೆ.