ಅಂಗಡಿಯಿಂದ ಆಕಾಶಕ್ಕೆ

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದ ಮೇಲೆ ವಿಮಾನ ಹಾದು ಹೋಯಿತು. ಎಲ್ಲರೂ ಸ್ಲೇಟು ಕೆಳಗಿಟ್ಟು ಮೇಲೆ ನೋಡಿದರು.

“ಟೀಚರಮ್ಮ, ಅದನ್ನ ಹೆಂಗಸರೂ ಓಡಿಸ್ತಾರಾ?” ಒಬ್ಬ ಅಕ್ಕ ಕೇಳಿದರು.

“ಓಡಿಸ್ತಾರೆ ಅಕ್ಕ. ವಿಮಾನ ಓಡಿಸೋರನ್ನ ಪೈಲಟ್ ಅಂತಾರೆ.”

“ಅವರು ಚಿಕ್ಕಂದಿನಿಂದ ಅದನ್ನೇ ಓದಿರ್ತಾರೆ. ನಮ್ಮ ಹಂಗೆ ಬೇರೆ ಕೆಲಸ ಮಾಡ್ತಿದ್ದೋರು ನಡುವೆ ಹೊಸ ಕೆಲಸ ಕಲಿಯೋಕಾಗುತ್ತಾ?”

ಅದಕ್ಕೆ ಉತ್ತರವಾಗಿ ನಾನು ಈ ಕಥೆ ಹೇಳಿದೆ. ಇದು ನಿಜವಾಗಿ ನಡೆದ ಕಥೆ.

ಅಮೆರಿಕ ದೇಶದಲ್ಲಿ ಡೆನ್ವರ್ ಎಂಬ ಊರಿದೆ. ಅಲ್ಲಿ ಎಮಿಲಿ ವಾರ್ನರ್ ಎಂಬುವರು ಇದ್ದರು. ಹದಿಹರೆಯದಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಗಗನಸಖಿ ಆಗುವ ಆಸೆ ಅವರಿಗಿತ್ತು. ಗಗನಸಖಿ ಎಂದರೆ ವಿಮಾನದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವವಳು.

1958ರಲ್ಲಿ ಎಮಿಲಿ ವಿಮಾನ ಹತ್ತಿದರು. ಪೈಲಟ್ ಕೂರುವ ಜಾಗವನ್ನು ನೋಡಿದರು. ತಾನೇ ವಿಮಾನ ಓಡಿಸಬೇಕು ಅನ್ನಿಸಿತು.

ಆಗ ಅವರ ಸಂಬಳ ವಾರಕ್ಕೆ 38 ಡಾಲರ್. ವಿಮಾನ ಕಲಿಯುವ ಒಂದು ಪಾಠಕ್ಕೆ ಸುಮಾರು 13 ಡಾಲರ್. ಆದರೂ ಹಣ ಉಳಿಸಿ ಕಲಿತರು. ಆಮೇಲೆ ಅಂಗಡಿ ಬಿಟ್ಟರು. ವಿಮಾನ ಕಲಿಸುವ ಶಾಲೆಯಲ್ಲೇ ಕೆಲಸ ಹಿಡಿದರು. ಮುಂದೆ ಅಲ್ಲೇ ಶಿಕ್ಷಕಿಯಾದರು.

ಎಮಿಲಿ ಕಲಿಸಿದ ಗಂಡಸರಿಗೆ ದೊಡ್ಡ ವಿಮಾನ ಕಂಪನಿಗಳಲ್ಲಿ ಕೆಲಸ ಸಿಕ್ಕಿತು. ಕಲಿಸಿದ ಎಮಿಲಿಗೆ ಸಿಗಲಿಲ್ಲ! ಅವರು ಅರ್ಜಿ ಹಾಕಿದರು. ಮತ್ತೆ ಮತ್ತೆ ಹಾಕಿದರು. ವರ್ಷಗಳೇ ಕಳೆದವು. ಅವರು ಪಾಠ ಹೇಳುವುದನ್ನು ಬಿಡಲಿಲ್ಲ, ಅರ್ಜಿ ಹಾಕುವುದನ್ನೂ ಬಿಡಲಿಲ್ಲ.

ಕೊನೆಗೆ 1973ರಲ್ಲಿ ಫ್ರಾಂಟಿಯರ್ ಕಂಪನಿ ಅವರನ್ನು ಪೈಲಟ್ ಆಗಿ ತೆಗೆದುಕೊಂಡಿತು. ಆಗ ಅವರಿಗೆ 33 ವರ್ಷ. 1976ರಲ್ಲಿ ಕ್ಯಾಪ್ಟನ್ ಆದರು. ಕ್ಯಾಪ್ಟನ್ ಎಂದರೆ ವಿಮಾನದ ಮುಖ್ಯ ಪೈಲಟ್.

ನಮ್ಮ ದೇಶದಲ್ಲೂ ಮಹಿಳಾ ಪೈಲಟ್‌ಗಳು ಇದ್ದಾರೆ. 2021ರ ಜನವರಿಯಲ್ಲಿ ಅಮೆರಿಕದಿಂದ ನಮ್ಮ ಬೆಂಗಳೂರಿಗೆ ಒಂದು ಏರ್ ಇಂಡಿಯಾ ವಿಮಾನ ಬಂತು. ಅದರ ನಾಲ್ಕೂ ಪೈಲಟ್‌ಗಳು ಮಹಿಳೆಯರೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಖ್ಯಸ್ಥೆ. ಭೂಮಿಯ ಉತ್ತರ ತುದಿಯ ಮೇಲೆ ಹಾದು ಬಂದರು.

ಈ ದಾರಿ ಸುಲಭ ಅಲ್ಲ. 12ನೇ ತರಗತಿ ಪಾಸಾಗಿರಬೇಕು. ಕಣ್ಣು, ಕಿವಿ, ಮೈ ಚೆನ್ನಾಗಿವೆ ಎಂದು ವೈದ್ಯರು ಬರೆದುಕೊಡಬೇಕು. 200 ಗಂಟೆ ವಿಮಾನ ಓಡಿಸಿ ಕಲಿಯಬೇಕು. ಪರೀಕ್ಷೆ ಬರೆಯಬೇಕು. ತರಬೇತಿಗೆ ಲಕ್ಷಗಟ್ಟಲೆ ಹಣ ಬೇಕು. ಆದರೆ ಹೆಣ್ಣು ಅನ್ನುವ ಕಾರಣಕ್ಕೆ ಯಾರೂ ತಡೆಯುವಂತಿಲ್ಲ. ಬೇರೆ ಕೆಲಸದಲ್ಲಿ ಇದ್ದವರೂ ಕಲಿಯಬಹುದು.

ಕಥೆ ಕೇಳಿ ಆ ಅಕ್ಕ ಸುಮ್ಮನೆ ಕೂತಿದ್ದರು. ಮರುದಿನ ಒಂದು ಕಾಗದ ತಂದರು. ಅದು ಹೊಲಿಗೆ ತರಬೇತಿಯ ಅರ್ಜಿ.

“ನಂಗೆ ವಿಮಾನ ಬೇಡ ಟೀಚರಮ್ಮ. ಮಗಳು ಬೇಕಾದ್ರೆ ಓಡಿಸ್ಲಿ. ಕೂಲಿ ಬಿಟ್ಟು ನಾನು ಇದನ್ನ ಕಲಿಯಬೇಕು. ನೀವು ಬರೀಬೇಡಿ, ತಪ್ಪಾದ್ರೆ ಹೇಳಿ ಸಾಕು.”

ಅರ್ಧ ಗಂಟೆ ಹಿಡಿಯಿತು. ಅರ್ಜಿಯನ್ನು ಪೂರಾ ಅವರೇ ತುಂಬಿದರು.

ಓದಿರಿ, ಬರೆಯಿರಿ:
ವಿಮಾನ, ಗಗನಸಖಿ, ತರಬೇತಿ, ಸಂಬಳ, ಅರ್ಜಿ

ಲೆಕ್ಕ ಮಾಡಿರಿ:
ಎಮಿಲಿಯ ವಾರದ ಸಂಬಳ 38 ಡಾಲರ್. ಪಾಠಕ್ಕೆ 13 ಡಾಲರ್ ಕೊಟ್ಟರೆ ಉಳಿಯುವುದು ಎಷ್ಟು?

ಮಾತಾಡಿರಿ:
1. ಎಮಿಲಿಗೆ ಬೇಗ ಕೆಲಸ ಸಿಗಲಿಲ್ಲ. ಯಾಕೆ?
2. ನೀವು ಯಾವ ಹೊಸ ಕೆಲಸ ಕಲಿಯಬೇಕು ಅಂತಿದ್ದೀರಿ? ಅದಕ್ಕೆ ಮೊದಲ ಹೆಜ್ಜೆ ಯಾವುದು?